ಮಲಾರದ ಮಾತು

ನಲವತ್ತೊಂದು ದನಿ ತುಣುಕುಗಳಿಗೂ ಸಮೀಉಲ್ಲಾ ಒಂದೇ ಉತ್ತರ ಕೊಟ್ಟಿದ್ದ: ತಿಳಿಯಲಿಲ್ಲ. ಫೋನಿನ ಪರದೆಯ ಕೆಳಗೆ ಅದಕ್ಕೆಂದೇ ಒಂದು ಬೂದು ಗುಂಡಿ ಇತ್ತು. ಒತ್ತಿದರೆ ಮುಗಿಯಿತು, ಯಾಕೆ ತಿಳಿಯಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ, ಆ ನಲವತ್ತೊಂದು ತುಣುಕುಗಳನ್ನು ಆಡಿದವಳೇ ಪಕ್ಕದಲ್ಲಿ ಕಿಟಕಿಗೆ ಕೂತಿದ್ದಳು. ಅವನ ತಾಯಿ ಮಕ್ತುಂಬೀ, ಎಪ್ಪತ್ತೊಂಬತ್ತು ದಾಟಿದವಳು, ಪೆಟ್ಟಿಗೆಯ ತಳದಿಂದ ತೆಗೆದ ಹಸಿರು ಸೀರೆಯ ಸೆರಗನ್ನು ತಲೆ ತುಂಬ ಹೊದ್ದು, ಸಂಚಿಯನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆಗೆ ಹೊರಟವಳ ಗತ್ತಿನಲ್ಲಿದ್ದಳು. ಕಂಡಕ್ಟರ್ ಟಿಕೆಟ್ ಹರಿಯುವಾಗ ಅವನು ಕೇಳದಿದ್ದರೂ ಹೇಳಿದ್ದಳು: “ಲಿಂಗಸುಗೂರಾಗ ನನ್ನ ಮಾತು ಕೇಳಾಕ ಮಂದಿ ಕುಂತಾರಪ್ಪ. ಕಂಪ್ಯೂಟರ್‌ನೂ ಕೇಳ್ತದಂತ.” ಕಂಡಕ್ಟರ್ ನಕ್ಕು, “ಅದರ ಕೇಳ್ತದ ಬಿಡಬೇ, ನಮ್ಮ ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ಲ” ಎಂದು ಮುಂದಿನ ಸೀಟಿಗೆ ಹೋಗಿದ್ದ. ಸಮೀಉಲ್ಲಾ ಆಗ ಹೊರಗೆ ನೋಡುತ್ತ ಕೂತಿದ್ದ. ಐವತ್ತೈದರ ಮಾಸ್ತರನಿಗೆ ಇನ್ನೂ ಇಂಥದ್ದಕ್ಕೆಲ್ಲ ಕಿವಿ ಬಿಸಿಯಾಗುತ್ತದಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಕೆಲಸ ಅವನಿಗೆ ಮೆಚ್ಚಿನದೇ ಆಗಿತ್ತು. ಎರಡು ವರ್ಷದ ಹಿಂದೆ, ಈ ಸೀಮೆಯ ಮುಸ್ಲಿಮರ ಮನೆಗಳಲ್ಲಿ ಆಡುವ ದಖನಿಯನ್ನು ಕೇಳಿ ಬರೆಯಲು ಒಂದು ಮಷೀನಿಗೆ ಕಲಿಸುತ್ತಿದ್ದೇವೆ, ತಿದ್ದುವವರು ಬೇಕು ಎಂದು ಅಂಜಲಿ ಎಂಬ ಸಿಂಧನೂರಿನ ಹುಡುಗಿ ಉರ್ದು ಶಾಲೆಗೆ ಬಂದಾಗ, ಬೇರೆ ಮಾಸ್ತರರು ನಕ್ಕಿದ್ದರು. ದಖನಿಗೆ ಯಾಕೆ ಬರವಣಿಗೆ, ಅದು ಉರ್ದುವಿನ ಕೆಟ್ಟ ಕೂಸು ಎಂದಿದ್ದರು. ಅವನೂ ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿ, ಮನೆಯ ಮಾತನ್ನು ಬಾಗಿಲಾಚೆ ಚಪ್ಪಲಿಯ ಜೊತೆ ಬಿಟ್ಟು ಬರಲು ಕಲಿಸಿದವನು. ಆದರೂ ಒಪ್ಪಿಕೊಂಡ. ಮೊದಮೊದಲು ಮಷೀನು ಹತ್ತು ಮಾತಿಗೆ ಆರು ತಪ್ಪು ಬರೆಯುತ್ತಿತ್ತು. ಮುಕ್ಕುಂದದ ಒಬ್ಬ ಮುದುಕಿ ಮಗಳ ಹೆರಿಗೆಯ ಕಥೆ ಹೇಳಿದರೆ ಇದು ಯಾವುದೋ ಕೋರ್ಟು ಕಚೇರಿಯ ಸುದ್ದಿ ಬರೆದಿಟ್ಟಿತ್ತು. ಅವನು ದಿನವೂ ನಮಾಜು ಮುಗಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಒಂದೊಂದು ತುಣುಕನ್ನು ಕೇಳಿ ಕನ್ನಡ ಅಕ್ಷರದಲ್ಲಿ ತಿದ್ದಿದ. ಈಗ ಹತ್ತಕ್ಕೆ ಒಂದು ತಪ್ಪಿದರೆ ಹೆಚ್ಚು. ತನ್ನ ಕೈಯಲ್ಲಿ ಇಷ್ಟು ಬೇಗ ಕಲಿತ ವಿದ್ಯಾರ್ಥಿ ಇನ್ನೊಬ್ಬನಿಲ್ಲ ಎಂದು ಅವನು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು. ನಕ್ಕ ಮಾಸ್ತರರೇ ಈಗ ತಮ್ಮ ಅಜ್ಜಿಯರ ದನಿ ಹಿಡಿದುಕೊಂಡು ಹೋಗಿ ಎಂದು ಫೋನು ಮಾಡುತ್ತಿದ್ದರು.

ತಾಯಿಯ ದನಿ ಹಿಡಿಯುವ ಸರದಿ ಬಂದಾಗ ಮಾತ್ರ ಅವನಿಗೆ ಎಡವಟ್ಟಾಯಿತು. ಮಕ್ತುಂಬೀ ಬಳೆ ಮಾರಿದವಳು. ಸಿಂಧನೂರಿನಿಂದ ಸಾಲಗುಂದ, ಮುಕ್ಕುಂದ, ಕಾಲುವೆಯ ಈಚೆಗೂ ಆಚೆಗೂ ನಲವತ್ತು ವರ್ಷ ನಡೆದವಳು, ಹೆಗಲಿನ ಮೇಲೆ ಮಲಾರ, ಎಂದರೆ ದಾರಕ್ಕೆ ಪೋಣಿಸಿದ ಬಳೆಗಳ ಗೊಂಚಲು, ಪಕ್ಕದಲ್ಲಿ ತಂಗಿ ಶಂಶಾದ್‌ಬೀ. ಒಬ್ಬಳು ಬಳೆ ತೊಡಿಸಿದರೆ ಇನ್ನೊಬ್ಬಳು ಆರಿಸಿ ಕೊಡುವುದು. ಹಾಗೆ ಕೊಡುವಾಗ ತೊಡಿಸಿಕೊಳ್ಳುವ ಹೆಂಗಸಿಗೆ ತಿಳಿಯದಂತೆ ಅಕ್ಕತಂಗಿಯರ ನಡುವೆ ಒಂದು ಮಾತು ಓಡಾಡುತ್ತಿತ್ತು. ದಖನಿಯೂ ಅಲ್ಲದ, ಕನ್ನಡವೂ ಅಲ್ಲದ, ತೆಲುಗೂ ಅಲ್ಲದ, ಮೂರರಿಂದಲೂ ಎತ್ತಿಕೊಂಡು ತಲೆಕೆಳಗು ಮಾಡಿದ ಮಾತು. ಬಳೆಗಾರರ ಕೆಲವೇ ಮನೆಗಳಲ್ಲಿ, ಅದೂ ಹೆಂಗಸರಲ್ಲಿ ಮಾತ್ರ ಇದ್ದದ್ದು. ಮನೆಯಲ್ಲಿ ಅದಕ್ಕೆ ಮಲಾರದ ಮಾತು ಎನ್ನುತ್ತಿದ್ದರು. ಉಳಿದ ಮನೆಗಳವರು ಫ್ಯಾನ್ಸಿ ಅಂಗಡಿ ಇಟ್ಟರು, ಮಾತು ಬಿಟ್ಟರು. ನಾಲ್ಕು ವರ್ಷದ ಹಿಂದೆ ಶಂಶಾದ್‌ಬೀ ತೀರಿಕೊಂಡ ಮೇಲೆ ಮಕ್ತುಂಬೀಗೆ ಅದನ್ನು ಆಡಲು ಜೊತೆಯಿರಲಿಲ್ಲ.

ಅಂಜಲಿ ನಾಲ್ಕು ರವಿವಾರ ಮನೆಗೆ ಬಂದಳು. ಮೊದಲನೆಯ ದಿನ ಫ್ಯಾನು ಆರಿಸಿ, ಮೈಕು ಮುಂದಿಟ್ಟು, “ಏನರ ಹೇಳಬೇ” ಎಂದರೆ ಮಕ್ತುಂಬೀ ಬಾಯಿ ತೆರೆಯಲಿಲ್ಲ. ಸುಮ್ಮನೆ ಕೂತು ಆಡುವ ಮಾತಲ್ಲ ಅದು. ಎರಡನೆಯ ವಾರ ಅಂಜಲಿ ತಾನೇ ಒಂದು ಡಜನ್ ಗಾಜಿನ ಬಳೆ ತಂದು ಕೈ ಚಾಚಿದಳು. ಮುದುಕಿ ಆ ಕೈ ಹಿಡಿದು ಗೆಣ್ಣುಗಳನ್ನು ಒತ್ತಿ ನೋಡಿ, ಎಡಗಡೆಯ ಖಾಲಿ ಜಾಗಕ್ಕೆ, ತಂಗಿ ಕೂರುತ್ತಿದ್ದ ಜಾಗಕ್ಕೆ, ಓರೆಯಾಗಿ ತಿರುಗಿ ಶುರು ಮಾಡಿದಳು. ಮಾತು ಬಂದದ್ದೇ ತಡ, ನಿಲ್ಲಲಿಲ್ಲ. ಈ ಊರಿನ ಯಾವ ಹೆಂಗಸಿನ ಕೈಯಿಂದಲೂ ನಾನು ಒಂದು ಹನಿ ರಕ್ತ ತೆಗೆದಿಲ್ಲ ಎಂದು ನಡುನಡುವೆ ಕನ್ನಡದಲ್ಲಿ ಹೆಮ್ಮೆಪಟ್ಟುಕೊಳ್ಳುವಳು, ಮತ್ತೆ ಮಲಾರದ ಮಾತಿಗೆ ಹೊರಳುವಳು. ಅರ್ಥ ಕೇಳಿದರೆ ಮಾತ್ರ, “ಅರ್ಥ ಹೇಳಾಕ ಅಲ್ಲವಾ ಅದು ಇರೋದು. ನಮ್ಮ ಶಂಶಾದ್‌ಗ ತಿಳೀತಿತ್ತು, ಆತು” ಎಂದು ತಲೆ ಅಲ್ಲಾಡಿಸಿದಳು. ಹೊಸ್ತಿಲ ಬಳಿ ಕೂತ ಮಗನನ್ನು ತೋರಿಸಿ, “ಇವಗೂ ಬರಂಗಿಲ್ಲ. ನಾನೇ ಕಲಿಸಲಿಲ್ಲ. ಕಲಿಸಿದ್ದರ ಇವ ಮಾಸ್ತರ ಆಗ್ತಿರಲಿಲ್ಲ, ಮಲಾರ ಹೊರ್ತಿದ್ದ” ಎಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಇದ್ದದ್ದು ಶುದ್ಧ ಹೆಮ್ಮೆ. ಸಮೀಉಲ್ಲಾ ಎದ್ದು ನೀರು ಕುಡಿಯಲು ಒಳಗೆ ಹೋದ.

ಅವನಿಗೆ ಅಕ್ಷರ ಅಕ್ಷರವೂ ತಿಳಿಯುತ್ತಿತ್ತು. ಐದು ವರ್ಷದವನಿದ್ದಾಗಿನಿಂದ, ಮನೆಯಲ್ಲಿ ಬಿಡಲು ಯಾರೂ ಇಲ್ಲದೆ, ಅವಳ ಸೆರಗು ಹಿಡಿದು ಹಳ್ಳಿ ಹಳ್ಳಿ ತಿರುಗಿ, ಪಡಸಾಲೆಗಳ ಕಂಬಕ್ಕೆ ಒರಗಿ ಕೂತು, ಆಡಲು ಗೆಳೆಯರಿಲ್ಲದ ಹುಡುಗ ಬೇರೇನು ಮಾಡುತ್ತಾನೆ. ತೂಕಡಿಸುತ್ತಿದ್ದಾನೆ ಎಂದು ಅವರು ತಿಳಿದಿದ್ದರು, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಈ ಕೈ ಬಿರುಸು, ಎಣ್ಣೆ ಕೊಡು. ಈ ಮನೆಯಲ್ಲಿ ಅತ್ತೆಸೊಸೆಗೆ ಬಿಗಿದಿದೆ, ಬೇಗ ಏಳೋಣ. ಈ ಹುಡುಗಿಗೆ ಹಸಿರು ಬೇಡ, ಅವಳ ಹೊಟ್ಟೆ ಈಗಷ್ಟೇ ಬರಿದಾಗಿದೆ, ಕೆಂಪು ತೆಗೆ. ಸಾಲಗುಂದದಲ್ಲಿ ಸೂಗಮ್ಮ ಎಂಬವಳ ಮಣಿಕಟ್ಟು ಬಾತು ನೀಲಿಯಾಗಿದ್ದಾಗ ತಾಯಿ ಮುಖ ಎತ್ತದೆ, ತಂಗಿಗೆ ಮಾತ್ರ ತಿಳಿಯುವಂತೆ ಅಂದದ್ದು: ಕೇಳಬೇಡ, ಎರಡು ಅಳತೆ ದೊಡ್ಡದು ಕೊಡು, ಈ ಕೈ ಎಂಟು ದಿನ ಏನನ್ನೂ ತಾಳುವುದಿಲ್ಲ. ಶಂಶಾದ್‌ಬೀ ಆರಿಸಿ ಕೊಟ್ಟಳು. ಸೂಗಮ್ಮ ತನ್ನ ಗುಟ್ಟು ತನ್ನಲ್ಲೇ ಇದೆ ಎಂದುಕೊಂಡು ನಗುತ್ತ ಎದ್ದು ಹೋದಳು. ಆಗ ಅವನಿಗೆ ಏಳು ವರ್ಷ. ಆ ಮಾತು ಮೋಸದ ಮಾತು, ಗಿರಾಕಿಯ ಕಣ್ಣಿಗೆ ಮಣ್ಣೆರಚುವುದು ಎಂದು ಮುಂದೆ ಅವನೇ ತನಗೆ ಹೇಳಿಕೊಂಡು ಅದನ್ನು ಮರೆಯಲು ನೋಡಿದ್ದ. ತಾಯಿ ಮೈಕಿನ ಮುಂದೆ ಅದೇ ಮಾತನ್ನು ಮತ್ತೆ ಆಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿದಾಗ, ಇಷ್ಟು ನಯವಾದ ಮಾತು ತಾನು ಕಲಿಸುವ ಪುಸ್ತಕದಲ್ಲಿ ಎಲ್ಲಿದೆ ಎಂದು ಎದೆ ಉಬ್ಬಿ ಬಂದಿತ್ತು. ಆದರೂ ಬೂದು ಗುಂಡಿಯನ್ನೇ ಒತ್ತಿದ.

ಕಾರಣ ಇಪ್ಪತ್ತೇಳನೆಯ ತುಣುಕು. ಅದೊಂದನ್ನು ತಿಳಿಯಲಿಲ್ಲ ಎನ್ನಬೇಕಾದರೆ ಉಳಿದ ನಲವತ್ತನ್ನೂ ತಿಳಿಯಲಿಲ್ಲ ಎನ್ನಬೇಕಾಗಿತ್ತು. ಎದುರಿನಿಂದ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂದು ಬಸ್ಸು ನಿಧಾನವಾಯಿತು, ಹುಲ್ಲಿನ ಧೂಳು ಕಿಟಕಿಯಿಂದ ಒಳಗೆ ಬಂತು, ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೂವತ್ತೆರಡು ವರ್ಷದ ಹಿಂದಿನ ಆ ದಿನ ಅವನ ಕೈಯಲ್ಲಿ ಕಪ್ಪು ಬಸಿ ಇತ್ತು, ಚಹಾ ಬಿಸಿ ಇತ್ತು. ಮಸ್ಕಿಯಲ್ಲಿ ನೌಕರಿ ಹಿಡಿದು ಎರಡು ತಿಂಗಳಾಗಿತ್ತು. ಹೆಡ್‌ಮಾಸ್ತರ್ ಬಾಬುಸಾಬರ ಮಗಳ ನಿಶ್ಚಯಕ್ಕೆ ಶಾಲೆಯವರನ್ನೆಲ್ಲ ಕರೆದಿದ್ದರು. ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಅವರು ಹಿಂದೆ ಕೇಳಿದಾಗ, ಸಿಂಧನೂರಿನಲ್ಲಿ ವ್ಯಾಪಾರ ಎಂದಿದ್ದ, ಸುಳ್ಳೇನೂ ಅಲ್ಲ. ಬಳೆಗಾರ್ತಿಯರು ಬಂದರು ಎಂದು ಒಳಗಿನ ಹೆಂಗಸರು ಗದ್ದಲ ಮಾಡಿದರು. ಪಡಸಾಲೆಯ ಮೆಟ್ಟಿಲು ಹತ್ತಿದವರು ಅವನ ತಾಯಿ ಮತ್ತು ಖಾಲಾ, ಚಿಕ್ಕಮ್ಮ ಶಂಶಾದ್‌ಬೀ. ಅಮ್ಮಿಯ ಕಣ್ಣು ಅವನ ಮೇಲೆ ಬಿತ್ತು, ಅವನ ಹೊಸ ಅಂಗಿಯ ಮೇಲೆ ಬಿತ್ತು, ನಿಲ್ಲಲಿಲ್ಲ. ಖಾಲಾ ಬಾಯಿ ತೆರೆಯುವಷ್ಟರಲ್ಲಿ ಅಮ್ಮಿ ಮಲಾರ ಸರಿಮಾಡಿಕೊಳ್ಳುತ್ತ ಅವಳಿಗೆ ನಾಲ್ಕೇ ಮಾತು ಹೇಳಿದಳು. ಇಬ್ಬರೂ ಅವನನ್ನು ದಾಟಿ ಒಳಗೆ ಹೋದರು. ಅವನು ಏಳಲಿಲ್ಲ. ಬಾಬುಸಾಬರು, “ಇನ್ನೊಂದು ಕಪ್ಪು ತಗೋರಿ ಮಾಸ್ತರ” ಎಂದಾಗ, “ಆಗಲ್ರಿ” ಎಂದ. ಆ ಎರಡನೆಯ ಕಪ್ಪನ್ನು ತಳದ ಸಕ್ಕರೆಯ ತನಕ ಕುಡಿದ.

ಆ ನಾಲ್ಕು ಮಾತುಗಳನ್ನು ತಾಯಿ ಈಗ, ತೀರಿಹೋದ ತಂಗಿಯ ಜಾಗಕ್ಕೆ ತಿರುಗಿ, ಅಂಜಲಿಯ ಕೈಗೆ ಬಳೆ ಏರಿಸುತ್ತ ಮತ್ತೆ ಆಡಿದ್ದಳು. ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಿಂದ. ಅವನು ತಿಳಿಯಿತು ಎಂದು ಗುರುತು ಹಾಕಿದರೆ ಅವಳಿಗೂ ಒಂದು ವಿಷಯ ತಿಳಿಯುತ್ತದೆ: ಆ ದಿನ ಮಗನಿಗೆ ಕೇಳಿಸಿತ್ತು, ತಿಳಿದಿತ್ತು, ತಿಳಿದೂ ಕೂತಿದ್ದ. ಮೂವತ್ತೆರಡು ವರ್ಷ ಅವಳು, ನನ್ನ ಹುಡುಗ ಪಾಪ ನನ್ನನ್ನು ನೋಡಲೇ ಇಲ್ಲ, ನೋಡಿದ್ದರೂ ನಾನೇ ತಪ್ಪಿಸಿಕೊಂಡೆ, ಎಂದುಕೊಂಡೇ ಇದ್ದಾಳು. ಅಷ್ಟು ಮಟ್ಟಿನ ನೆಮ್ಮದಿಯನ್ನಾದರೂ ಅವಳಿಗೆ ಬಿಡಬೇಡವೇ ಎಂದು ಅವನು ವಾದ ಹೂಡಿಕೊಂಡಿದ್ದ. ನೆಮ್ಮದಿ ಯಾರದು ಎಂದು ಕೇಳಿಕೊಳ್ಳುವ ಧೈರ್ಯ ಬಂದಿರಲಿಲ್ಲ.

ಇವತ್ತು ಓದಿ ಕೇಳಿಸುವ ದಿನ. ಈ ಕೆಲಸದಲ್ಲಿ ಅದೊಂದು ಕಟ್ಟಳೆ. ಮಷೀನು ಬರೆದು, ತಿದ್ದುವವನು ತಿದ್ದಿದ ಮೇಲೆ, ಆಡಿದವರನ್ನೇ ಕೂರಿಸಿಕೊಂಡು ಅವರ ಮಾತನ್ನು ಅವರಿಗೆ ಓದಿ ಹೇಳಬೇಕು. ಇರಲಿ ಎಂದದ್ದು ಉಳಿಯುತ್ತದೆ, ಬೇಡ ಎಂದದ್ದನ್ನು ಅಲ್ಲಿಯೇ ಅಳಿಸುತ್ತಾರೆ. ಯಾರಿಗೂ ತಿಳಿಯದ ತುಣುಕುಗಳು ಮಷೀನಿನ ಪಾಠಕ್ಕೆ ಹೋಗುವುದಿಲ್ಲ. ಎಲ್ಲಿ ಒಂದು ಮಾತು ಮುಗಿದು ಎಲ್ಲಿ ಇನ್ನೊಂದು ಶುರುವಾಗುತ್ತದೆ ಎಂದೇ ಗೊತ್ತಿಲ್ಲದಿದ್ದರೆ ಕಲಿಸುವುದಾದರೂ ಏನು. ಹೋದ ವಾರ ಅಂಜಲಿ ಫೋನಿನಲ್ಲಿ, “ಸರ್, ಅಮ್ಮಾರ ನಲವತ್ತೊಂದು ಹಂಗೇ ಉಳದಾವ್ರಿ. ಬ್ಯಾರೆ ಯಾರರ ಅದಾರೇನು, ತಿಳದವರು? ಇಲ್ಲಾಂದ್ರ ಓದೋ ದಿನ ಸಂಜೀಕ ಅವನ್ನ ಬಿಟ್ಟು ಉಳದದ್ದು ಕಳಸೂದ್ರಿ” ಎಂದಿದ್ದಳು. ಅವನು, ನೋಡೋಣ ಎಂದಿದ್ದ. ಆ ಹುಡುಗಿಯ ದನಿಯಲ್ಲಿ ಅನುಮಾನ ಇರಲಿಲ್ಲ, ಮಾಸ್ತರರ ಮೇಲಿನ ಮರ್ಯಾದೆಯೇ ಇತ್ತು. ಅದು ಇನ್ನಷ್ಟು ಚುಚ್ಚಿತು.

“ಏನು ನೋಡಾಕತ್ತೀ ಅದರಾಗ?” ಎಂದಳು ತಾಯಿ, ಫೋನಿನ ಕಡೆ ಬೆರಳು ಮಾಡಿ.

“ನಿನ್ನ ಮಾತು ಅಮ್ಮಿ.”

“ಮಷೀನಿಗೆ ತಿಳೀತೇನು?”

“ದಖನಿ ಎಲ್ಲಾ ತಿಳೀತು. ಮಲಾರದ್ದು ತಿಳೀಲಿಲ್ಲ.”

ಅವಳು ಗೆದ್ದವಳಂತೆ ನಕ್ಕಳು. “ಎಲ್ಲಿ ತಿಳೀತದ. ಗೌಡರ ಮನಿ ಹೆಂಗಸರಿಗೆ ನಲವತ್ತು ವರ್ಷ ತಿಳೀಲಿಲ್ಲ.” ಆಮೇಲೆ ನಗು ಇಳಿದ ದನಿಯಲ್ಲಿ, “ಶಂಶಾದ್ ಹೋದ ಮ್ಯಾಲೆ ನಾ ಒಬ್ಬಾಕೀನ ಮನಸಿನಾಗ ಆಡ್ತೀನಿ. ತಿರುಗಿ ಯಾರೂ ಅನ್ನಂಗಿಲ್ಲ ನೋಡು, ಅದಕ್ಕ ಕೆಲವು ಮಾತು ಮರ್ತ್ಹೋಗಾಕತ್ತಾವ” ಎಂದಳು.

ದೂರು ಹೇಳಿದಂತೆ ಇರಲಿಲ್ಲ, ಮೊಣಕಾಲು ನೋಯುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಅವನು ಹೆಡ್‌ಫೋನು ಸಿಕ್ಕಿಸಿಕೊಂಡ. ಒಂದನೆಯ ತುಣುಕು ತೆರೆದು, ಮಷೀನು ಬಿಟ್ಟಿದ್ದ ಖಾಲಿ ಗೆರೆಯ ಮೇಲೆ ಬರೆಯತೊಡಗಿದ. ಬಸ್ಸು ಕುಲುಕಿದಾಗ ಬೆರಳು ಪಕ್ಕದ ಅಕ್ಷರಕ್ಕೆ ಬೀಳುತ್ತಿತ್ತು, ಅಳಿಸಿ ಮತ್ತೆ ಬರೆದ. ಎರಡು, ಮೂರು, ಹತ್ತು. ಯಾವ ಮಾತೂ ಹುಡುಕಬೇಕಾಗಲಿಲ್ಲ. ಪಕ್ಕದಲ್ಲಿ ಮುದುಕಿ ತೂಕಡಿಸುತ್ತಿದ್ದಳು, ಕಿವಿಯಲ್ಲಿ ಅವಳೇ ಬಳೆಗಳ ಕಿಣಿಕಿಣಿಯ ನಡುವೆ ಮಾತಾಡುತ್ತಿದ್ದಳು. ಇಷ್ಟು ವರ್ಷ ಯಾರ ಹಾಳೆ ತಿದ್ದುವಾಗಲೂ ಇಲ್ಲದ ಸಂಭ್ರಮ ಅವನ ಕೈಗೆ ಬಂದಿತ್ತು. ಇಪ್ಪತ್ತಾರಕ್ಕೆ ಬಂದಾಗ ನಿಂತ. ಇಪ್ಪತ್ತೇಳನ್ನು ಬಿಟ್ಟು ಇಪ್ಪತ್ತೆಂಟಕ್ಕೆ ಹೋಗಿ, ನಲವತ್ತೊಂದರವರೆಗೆ ಮುಗಿಸಿದ. ಒಂದು ಉಳಿದರೆ ಏನಾಯಿತು, ಒಂದನ್ನು ಯಾರು ಕೇಳುತ್ತಾರೆ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತು, ಎಲ್ಲರೂ ಇಳಿದು, ಕಂಡಕ್ಟರ್ “ಮಾಸ್ತರ, ಇಳೀರಿ” ಎಂದಾಗ ಅವನು ಇಪ್ಪತ್ತೇಳನೆಯ ಗೆರೆಯ ಮೇಲೆ ಕೊನೆಯ ಅಕ್ಷರ ಬರೆಯುತ್ತಿದ್ದ.

ಓದಿ ಕೇಳಿಸಲೆಂದು ಗೊತ್ತುಮಾಡಿದ್ದ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಜಮಖಾನ ಹಾಸಿದ್ದರು. ಹದಿನೈದಿಪ್ಪತ್ತು ಮಂದಿ, ಹೆಚ್ಚಿನವರು ದನಿ ಕೊಟ್ಟ ಮುದುಕಿಯರು, ಅವರ ಸೊಸೆಯಂದಿರು. ಗೋಡೆಗೆ ಹಾಕಿದ ಕುರ್ಚಿಗಳಲ್ಲಿ ಮಧ್ಯದ ಒಂದರಲ್ಲಿ ಬಾಬುಸಾಬರು ಕೂತಿದ್ದರು. ಈ ಸೀಮೆಯ ಹಿರಿಯ ಉರ್ದು ಮಾಸ್ತರರೆಂದು ಅಂಜಲಿಯೇ ಕರೆದಿದ್ದಳಂತೆ. ಅವರಿರುತ್ತಾರೆ ಎಂದು ಸಮೀಉಲ್ಲಾನಿಗೆ ಯಾರೂ ಹೇಳಿರಲಿಲ್ಲ. “ಬರ್ರಿ ಮಾಸ್ತರ, ನೀವು ದಖನಿಗೂ ಮಾಸ್ತರ ಆದ್ರೆಂತ ಕೇಳೇನಿ” ಎಂದು ಎಂಬತ್ತೆರಡರ ಮುದುಕ ನಕ್ಕು ಕೈ ಚಾಚಿದರು. ಆ ಕೈ ಹಿಡಿಯುವಾಗ, ಈಗಲೂ ತಡವಾಗಿಲ್ಲ, ಅಂಜಲಿಗೆ ಒಂದು ಮಾತು ಹೇಳಿ ಅದೊಂದು ತುಣುಕನ್ನು ತೆಗೆಸಬಹುದು ಎಂದು ಅವನಿಗೆ ಅನಿಸಿತು. ಆದರೆ ಅಂಜಲಿ ಆಗಲೇ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಅವನನ್ನು ನೋಡುತ್ತಿದ್ದಳು. “ಸರ್, ನಲವತ್ತೊಂದೂ ಬಂದಾವಲ್ರಿ. ಯಾರ ಕಡೆ ಕೇಳಿದ್ರಿ?”

“ಯಾರನ್ನೂ ಕೇಳಲಿಲ್ರಿ. ನನಗ ಬರ್ತದ” ಎಂದ.

ಅವಳು ಲ್ಯಾಪ್‌ಟಾಪಿನ ಕಡೆ ತಿರುಗಿ ಮೊದಲ ಹೆಸರು ಕರೆದಳು. ಮೊದಲು ಬೇರೆಯವರದು ಆಯಿತು. ಮಕ್ತುಂಬೀಯ ಸರದಿ ಬಂದಾಗ ಸಮೀಉಲ್ಲಾ ತಾನೇ ಎದ್ದು ಹೋಗಿ ತಾಯಿಯ ಎದುರು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಓದಿದ. ಒಂದೊಂದನ್ನೂ ಮಲಾರದ ಮಾತಿನಲ್ಲಿ, ಆಮೇಲೆ ಎಲ್ಲರಿಗೂ ತಿಳಿಯುವ ಮಾತಿನಲ್ಲಿ. ಮೊದಲ ಗೆರೆಗೇ ಅವಳ ತುಟಿ ತೆರೆದು ಹಾಗೆಯೇ ಉಳಿಯಿತು. ಸೆರಗು ಜಾರಿದ್ದನ್ನು ಸರಿಮಾಡಿಕೊಳ್ಳಲಿಲ್ಲ. ಸೂಗಮ್ಮನ ಮಣಿಕಟ್ಟಿನ ತುಣುಕು ಬಂದಾಗ ಹೆಸರು ಬಿಟ್ಟು ಓದಿದ. ಜಮಖಾನದ ಮೇಲಿನ ಮುದುಕಿಯರಲ್ಲಿ ಒಬ್ಬಳು, ಹಿಂದೆ ಮಕ್ತುಂಬೀಯ ಕೈಯಿಂದಲೇ ಬಳೆ ತೊಟ್ಟವಳು, ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, “ಗೊತ್ತಿತ್ತಾ ನಿಮಗ” ಎಂದು ಮಕ್ತುಂಬೀಯನ್ನು ದಿಟ್ಟಿಸಿದಳು. ಮಕ್ತುಂಬೀ ಅವಳ ಕಡೆ ನೋಡಲಿಲ್ಲ, ಮಗನ ಬಾಯಿಯನ್ನೇ ನೋಡುತ್ತಿದ್ದಳು. ಇಪ್ಪತ್ತೇಳು ಬಂತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಓದಬೇಕಾದ್ದೇನೂ ಇರಲಿಲ್ಲ, ಅದು ಅವನಿಗೆ ಬಾಯಿಪಾಠ.

“ಹುಡುಗ ಕುಂತಾನ. ನೋಡಬ್ಯಾಡ. ಹೊಸ ಅಂಗಿ ಹಾಕ್ಯಾನ. ಇವತ್ತ ಅವ ನಮ್ಮವ ಅಲ್ಲ.” ಬಾಬುಸಾಬರ ಕಡೆ ತಿರುಗಿ, “ಇದು ನಿಮ್ಮ ಪಡಸಾಲ್ಯಾಗ ಆಡಿದ ಮಾತ್ರಿ ಸಾಹೇಬ್ರ. ನಿಮ್ಮ ಮಗಳ ನಿಶ್ಚಯದಾಗ. ಆ ಹುಡುಗ ನಾನ” ಎಂದ.

ಬಾಬುಸಾಬರು ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಚೀಲ ಇಳಿಸುವ ಸದ್ದು. ಅಂಜಲಿ ಕಟ್ಟಳೆಯಂತೆ ಕೇಳಲೇಬೇಕಾದ ಪ್ರಶ್ನೆಯನ್ನು ಬಹಳ ಮೆಲ್ಲಗೆ ಕೇಳಿದಳು: “ಅಮ್ಮಾ, ಇದನ್ನ ಇಡೋಣೇನು, ತಗಿಯೋಣೇನು?”

ಮಕ್ತುಂಬೀ ಮಗನಿಗೆ ಮಲಾರದ ಮಾತಿನಲ್ಲಿ ಎರಡೇ ಪದ ಅಂದಳು. ಅವತ್ತೂ ತಿಳಿದಿತ್ತಾ, ಎಂದು ಅದರ ಅರ್ಥ. ಅವನು ಆ ಮಾತಿನಲ್ಲೇ ಉತ್ತರ ಕೊಟ್ಟ, ಹೌದು, ತಿಳಿದಿತ್ತು. ಐವತ್ತು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದ ಮಾತು ಅವನ ಬಾಯಿಂದ ಹೊರಬಂದದ್ದು ಅದೇ ಮೊದಲು, ನಾಲಿಗೆ ಸರಿಯಾಗಿ ಹೊರಳಲಿಲ್ಲ. ಈಗ ಬೈಯುತ್ತಾಳೆ, ಅಥವಾ ಅಳುತ್ತಾಳೆ, ಅಥವಾ ಎದ್ದು ಹೋಗುತ್ತಾಳೆ ಎಂದು ಕಾದ. ಮೂರಕ್ಕೂ ಸಿದ್ಧನಾಗಿದ್ದ. ಅವಳು ಮುಂದಕ್ಕೆ ಬಾಗಿ, ಪಕ್ಕದಲ್ಲಿ ಕೂತ ತಂಗಿಗೆ ಹೇಳುತ್ತಿದ್ದ ಅದೇ ಇಳಿದನಿಯಲ್ಲಿ, ತಡೆಯಿಲ್ಲದೆ ಹೇಳತೊಡಗಿದಳು. ಈ ಮಾತು ಕೇಳಿದವರ ಮುಖದಲ್ಲಿ ಅದು ಕಾಣಬಾರದು ಕಣೋ, ಕಂಡರೆ ಮಾತು ಸತ್ತಂತೆ, ಅದೇ ಇದರ ಮೊದಲನೆಯ ಪಾಠ, ನಿನ್ನ ಖಾಲಾಗೆ ಅದು ಸಾಯುವವರೆಗೂ ಬರಲಿಲ್ಲ, ಫಕ್ಕನೆ ನಗುವಳು. ಅವತ್ತು ನಾನು ನಿನ್ನ ಮುಖ ನೋಡಿಕೊಂಡೇ ದಾಟಿದೆ, ಒಂದು ಗೆರೆ ಅಲ್ಲಾಡಲಿಲ್ಲ. ನೀನು ನನಗೇ ಮೋಸ ಮಾಡಿದೆ. ಯಾರೂ ಕಲಿಸದೆ ಇಷ್ಟು ಚೆಂದ ಕಲಿತಿದ್ದೀಯಲ್ಲ.

ಅವಳು ನಿಜವಾಗಿ ಮೆಚ್ಚುತ್ತಿದ್ದಾಳೋ, ಇಷ್ಟು ಮಂದಿಯ ನಡುವೆ ಮತ್ತೊಮ್ಮೆ ತನ್ನನ್ನು ಕಾಯುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು.

“ಸರ್,” ಎಂದಳು ಅಂಜಲಿ, “ಅಮ್ಮಾರು ಏನಂದ್ರು?”

ಸಮೀಉಲ್ಲಾ ಹೇಳಲು ಬಾಯಿ ತೆರೆದ. ಗಲ್ಲ ತಾನಾಗಿ ನಡುಗತೊಡಗಿತು, ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಸೇರಿತು. ಒರೆಸಿಕೊಳ್ಳಬೇಕೆಂದೂ ಅವನಿಗೆ ತೋಚಲಿಲ್ಲ. ಮಕ್ತುಂಬೀ ಎಲ್ಲರ ಕಡೆಗೆ ತಿರುಗಿ, ಕನ್ನಡದಲ್ಲಿ, ದೊಡ್ಡ ದನಿಯಲ್ಲಿ, “ನೋಡ್ರಿ, ಮೂವತ್ತು ವರ್ಷ ಮುಖ ಬಿಗಿ ಹಿಡಕೊಂಡಿದ್ದ, ಈಗ ಕೆಡಿಸ್ಕೊಂಡ” ಎಂದಳು. ಜಮಖಾನದ ಮೇಲಿನ ಮುದುಕಿಯರು ನಕ್ಕರು, ಬಾಬುಸಾಬರೂ ನಕ್ಕರು. ಅವಳು ನಗಲಿಲ್ಲ. ಮೈಕನ್ನು ಎರಡೂ ಕೈಯಿಂದ ಎತ್ತಿ ಮಗನ ಮುಂದಿಟ್ಟು, “ಇಡ್ರಿ ಅದನ್ನ. ತಗೀಬ್ಯಾಡ್ರಿ. ಈಗ ನಾ ಅಂದಿದ್ದನ್ನೂ ಇವ ಹೇಳ್ತಾನ, ಹಿಡಕೋರಿ. ನನ್ನ ನಂತರ ಇವನ ಆಡಬೇಕು” ಎಂದಳು. ಆಮೇಲೆ ಕೈಕಟ್ಟಿ, ಕೇಳಲು ಕೂತಳು. ಸಮೀಉಲ್ಲಾ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಮೈಕಿನ ಹತ್ತಿರ ಬಾಗಿದ. ಅವಳು ಅಂದದ್ದನ್ನು ಮೊದಲು ಅವಳ ಮಾತಿನಲ್ಲಿ, ಆಮೇಲೆ ಎಲ್ಲರ ಮಾತಿನಲ್ಲಿ, ಹಿಂದಿನ ಸಾಲಿನವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.